ಮನೆಯೊಳಗಿನ ಸೈಕಲ್ ಸವಾರಿ: ಸ್ಮಾರ್ಟ್ ಟ್ರೈನರ್ ಜೋಡಣೆ ಮತ್ತು ಬಳಕೆ

ದುವ್ವಾಡ ರೈಲು ನಿಲ್ದಾಣದಿಂದ ಕೂರ್ಮನ್ನಪಾಲೆಂ ಕೂಡುರಸ್ತೆಗೆ ಬಂದರೆ ರಾಷ್ಟ್ರೀಯ ಹೆದ್ದಾರಿ 16 ಎದುರಾಗುತ್ತದೆ. ಉಕ್ಕು ಕಾರ್ಖಾನೆ, ಗಂಗವರಂ ಬಂದರು, ದುವ್ವಾಡದ ವಿಶೇಷ ಆರ್ಥಿಕ ವಲಯ, ಗಾಜುವಾಕದ ಕೈಗಾರಿಕೆಗಳು ಇವೆಲ್ಲದರ ಭಾರಿ ವಾಹನಗಳಿಗೆ ಇದೇ ದಾರಿ. ಉದ್ಯೋಗನಿಮಿತ್ತ ಈ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಐವತ್ತು ದಾಟಿದವರಿಗೆ ವೈದ್ಯರು ಸೈಕಲ್ ತುಳಿಯಲು ಹೇಳುವುದುಂಟು. ಆದರೆ ಈ ರಸ್ತೆಗೆ ಇಳಿಯಲು ಮನೆಯವರು ಒಪ್ಪುವುದಿಲ್ಲ. ಅವರ ಅಂಜಿಕೆ ಅಕಾರಣವೂ ಅಲ್ಲ. ಇಂಥ ಸನ್ನಿವೇಶದಲ್ಲಿ ಸ್ವಂತ ಸೈಕಲ್ಲನ್ನೇ ಮನೆಯೊಳಗೆ ನಿಲ್ಲಿಸಿ ತುಳಿಯಲು ಅನುವು ಮಾಡಿಕೊಡುವ ಸಾಧನವೇ ಸ್ಮಾರ್ಟ್ ಟ್ರೈನರ್. ಇದನ್ನು ಆರಿಸುವ, ಜೋಡಿಸುವ ಮತ್ತು ಬಳಸುವ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ. ಸಮುದ್ರತೀರದ ನಮ್ಮ ಊರಿನಲ್ಲಿ ಈ ಯಂತ್ರದಷ್ಟೇ ಮುಖ್ಯವಾದುದು ಅದರ ಮುಂದಿರುವ ಫ್ಯಾನು ಎಂಬುದನ್ನು ಓದುಗರು ಆರಂಭದಲ್ಲಿಯೇ ಗಮನಿಸಬೇಕೆಂದು ಕೋರುತ್ತೇನೆ.

ಯಂತ್ರದ ಸ್ವರೂಪ

ಹಳೆಯ ಸೈಕಲ್ಲುಗಳಲ್ಲಿ ದೀಪಕ್ಕಾಗಿ ಡೈನಮೋ ಇರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಅದನ್ನು ಟೈರಿಗೆ ತಾಗಿಸಿದೊಡನೆ ಪೆಡಲು ಭಾರವಾಗುತ್ತಿತ್ತು. ಟ್ರೈನರಿನ ತತ್ತ್ವವೂ ಇದಕ್ಕೆ ಸಮೀಪವಾದುದು. ಅದರೊಳಗೆ ಒಂದು ಭಾರವಾದ ಲೋಹಚಕ್ರವಿದೆ. ಅದು ಕಾಂತಕ್ಷೇತ್ರದಲ್ಲಿ ತಿರುಗುವಾಗ ಲೋಹದಲ್ಲಿಯೇ ವಿದ್ಯುತ್ತು ಹುಟ್ಟಿ, ತಿರುಗುವಿಕೆಯನ್ನು ತಡೆಯುತ್ತದೆ. ಮನೆಯ ಹಳೆಯ ವಿದ್ಯುತ್ ಮೀಟರಿನಲ್ಲಿ ಅಲ್ಯೂಮಿನಿಯಂ ಬಿಲ್ಲೆ ಹತೋಟಿ ಮೀರಿ ತಿರುಗದಂತೆ ಕಾಯುತ್ತಿದ್ದ ಅಯಸ್ಕಾಂತದ ಕೆಲಸವೂ ಇದೇ ಆಗಿತ್ತು. ಟ್ರೈನರಿನಲ್ಲಿ ಈ ಕಾಂತಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಅಧಿಕಾರ ಕಂಪ್ಯೂಟರಿನದು. ಪರದೆಯ ಮೇಲಿನ ದಾರಿಯಲ್ಲಿ ಏರು ಬಂದರೆ ಪೆಡಲು ಭಾರವಾಗುತ್ತದೆ, ಇಳಿಜಾರು ಬಂದರೆ ಹಗುರಾಗುತ್ತದೆ. ಸವಾರನು ಹಾಕುತ್ತಿರುವ ಶಕ್ತಿಯನ್ನು ಯಂತ್ರವು ವ್ಯಾಟ್ ಲೆಕ್ಕದಲ್ಲಿ ತೋರಿಸುತ್ತದೆ. ಈ ಎರಡು ಗುಣಗಳಿಂದಲೇ ಅದಕ್ಕೆ ಸ್ಮಾರ್ಟ್ ಎಂಬ ವಿಶೇಷಣ.

ಅಮೆರಿಕದ ಸಿಯಾಟಲ್ ನಗರದ ರೇಸರ್‌ಮೇಟ್ ಸಂಸ್ಥೆ 1980ರ ದಶಕದಲ್ಲಿಯೇ ಕಂಪ್ಯೂಟ್ರೈನರ್ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತ್ತು. 2012ರಲ್ಲಿ ವಾಹೂ ಸಂಸ್ಥೆಯ ಕಿಕರ್ ಬಂದ ಮೇಲೆ ಹಿಂದಿನ ಚಕ್ರವನ್ನು ಕಳಚಿ ಜೋಡಿಸುವ ಮಾದರಿ ಜನಪ್ರಿಯವಾಯಿತು. 2014-15ರಲ್ಲಿ ಆರಂಭವಾದ ಜ್ವಿಫ್ಟ್ ಎಂಬ ತಂತ್ರಾಂಶವು ಬೇರೆ ಬೇರೆ ದೇಶಗಳ ಸವಾರರನ್ನು ಒಂದೇ ಕಾಲ್ಪನಿಕ ರಸ್ತೆಗೆ ತಂದಿತು. 2020ರ ಡಿಸೆಂಬರ್ 9ರಂದು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಈ ಬಗೆಯ ಸವಾರಿಗೆ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಸಿದಾಗ ಪುರುಷರಲ್ಲಿ ಜರ್ಮನಿಯ ಜೇಸನ್ ಓಸ್ಬೋರ್ನ್, ಮಹಿಳೆಯರಲ್ಲಿ ದಕ್ಷಿಣ ಆಫ್ರಿಕಾದ ಆಶ್ಲೀ ಮೂಲ್ಮನ್-ಪಾಸಿಯೊ ಗೆದ್ದರು. ಓಸ್ಬೋರ್ನ್ ಮೂಲತಃ ದೋಣಿ ಸ್ಪರ್ಧೆಯ ಕ್ರೀಡಾಪಟು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆ ಕ್ರೀಡೆಯಲ್ಲಿಯೇ ಬೆಳ್ಳಿ ಪದಕ ಪಡೆದವರು.

ಆಯ್ಕೆ

ಟ್ರೈನರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಹಿಂದಿನ ಚಕ್ರ ಸೈಕಲ್ಲಿನಲ್ಲಿಯೇ ಉಳಿದು, ಟೈರು ಒಂದು ಉರುಳೆಗೆ ಒತ್ತಿಕೊಂಡಿರುತ್ತದೆ. ಇದರ ಬೆಲೆ ಕಡಿಮೆ. ಆದರೆ ಸದ್ದು ಹೆಚ್ಚು, ಟೈರು ಸವೆಯುತ್ತದೆ, ಅಳತೆಯೂ ಟೈರಿನ ಗಾಳಿಯನ್ನು ಅವಲಂಬಿಸುತ್ತದೆ. ಎರಡನೆಯದರಲ್ಲಿ ಹಿಂದಿನ ಚಕ್ರವನ್ನು ತೆಗೆದು, ಚೈನನ್ನು ನೇರವಾಗಿ ಟ್ರೈನರಿನ ಹಲ್ಲುಚಕ್ರಕ್ಕೆ ಹಾಕಲಾಗುತ್ತದೆ. ಇದು ಬೆಲೆಯಲ್ಲಿ ಒಂದು ಉತ್ತಮ ಸೈಕಲ್ಲಿಗೆ ಸಮನಾಗಬಹುದು. ಆದರೆ ಸದ್ದು ಕಡಿಮೆ, ಅಳತೆ ಹೆಚ್ಚು ನಂಬಲರ್ಹ.

ಹಣ ಕೊಡುವ ಮುನ್ನ ನಿಮ್ಮ ಸೈಕಲ್ಲನ್ನು ಪರೀಕ್ಷಿಸಿರಿ. ನಮ್ಮಲ್ಲಿ ಮಾರಾಟವಾಗುವ ಕಡಿಮೆ ಬೆಲೆಯ ಏಳು ಗಿಯರಿನ ಎಷ್ಟೋ ಸೈಕಲ್ಲುಗಳಲ್ಲಿ ಹಿಂದಿನ ಹಲ್ಲುಚಕ್ರಗಳು ಹಬ್ಬಿಗೆ ತಿರುಪಿನಿಂದ ಬಿಗಿದಿರುವ ಫ್ರೀವೀಲ್ ರೀತಿಯವು. ನೇರ ಜೋಡಣೆಯ ಟ್ರೈನರುಗಳು ಸಾಮಾನ್ಯವಾಗಿ ಎಂಟು ಅಥವಾ ಹೆಚ್ಚು ಗಿಯರುಗಳ ಕ್ಯಾಸೆಟ್ ಇರುವ ಸೈಕಲ್ಲುಗಳಿಗಾಗಿ ತಯಾರಾದವು. ಎರಡೂ ಬದಿ ನಟ್ಟುಗಳಿಂದ ಬಿಗಿಯುವ ಹಳೆಯ ಸಾಧಾರಣ ಸೈಕಲ್ಲು ಇದಕ್ಕೆ ಹೊಂದುವುದಿಲ್ಲ. ಹಿಂದಿನ ಫೋರ್ಕಿನ ಅಗಲ, ಆಕ್ಸಲಿನ ಬಗೆ, ಗಿಯರುಗಳ ಸಂಖ್ಯೆ ಈ ಮೂರನ್ನು ಬರೆದುಕೊಂಡು ಹೋಗಿ ಅಂಗಡಿಯಲ್ಲಿ ತೋರಿಸುವುದು ಒಳ್ಳೆಯದು. ಪೆಟ್ಟಿಗೆಯೊಡನೆ ಕ್ಯಾಸೆಟ್ ಬರುತ್ತದೆಯೇ, ಬೇರೆ ಕೊಳ್ಳಬೇಕೇ ಎಂಬುದನ್ನೂ ವಿಚಾರಿಸಿರಿ. 2023ರಿಂದ ಒಂದೇ ಹಲ್ಲುಚಕ್ರವಿಟ್ಟು ಗಿಯರ್ ಬದಲಾವಣೆಯನ್ನು ಯಂತ್ರವೇ ಮಾಡುವ ಮಾದರಿಗಳೂ ಬಂದಿವೆ. ಮನೆಯ ಇಬ್ಬರು ಬೇರೆ ಬೇರೆ ಸೈಕಲ್ಲುಗಳನ್ನು ಹಾಕುವುದಾದರೆ ಇವು ಅನುಕೂಲ.

ಸ್ಥಳ, ಗಾಳಿ ಮತ್ತು ಸೆಕೆ

ಕಲಬುರಗಿ, ವಿಜಯಪುರಗಳ ಬಿಸಿಲನ್ನು ಕಂಡವರು ವಿಶಾಖಪಟ್ಟಣದ ತಾಪಮಾನವನ್ನು ಲಘುವಾಗಿ ಕಾಣಬಹುದು. ಆದರೆ ಅಲ್ಲಿಯ ಒಣಗಾಳಿಯಲ್ಲಿ ಬೆವರು ಬೇಗ ಆರುತ್ತದೆ. ಇಲ್ಲಿಯ ತೇವದ ಗಾಳಿಯಲ್ಲಿ ಅದು ಮೈಮೇಲೆಯೇ ನಿಂತು ನೆಲಕ್ಕೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ದೇಹವನ್ನು ತಂಪುಮಾಡುವುದಿಲ್ಲ. ಆವಿಯಾದುದು ಮಾತ್ರ ಮಾಡುತ್ತದೆ.

ಇದರ ಲೆಕ್ಕ ಸರಳವಾಗಿದೆ. ದೇಹವು ವ್ಯಯಿಸುವ ಶಕ್ತಿಯಲ್ಲಿ ನಾಲ್ಕನೇ ಅಥವಾ ಐದನೇ ಒಂದು ಪಾಲು ಮಾತ್ರ ಪೆಡಲಿಗೆ ತಲುಪುತ್ತದೆ, ಉಳಿದುದು ಶಾಖ. ಪೆಡಲಿನ ಮೇಲೆ 120 ವ್ಯಾಟ್ ಹಾಕುವ ಸವಾರನ ದೇಹದಲ್ಲಿ ಸುಮಾರು 400 ವ್ಯಾಟ್ ಶಾಖ ಹುಟ್ಟುತ್ತದೆ. ಟ್ರೈನರು ತಡೆದ 120 ವ್ಯಾಟ್ ಕೂಡ ಕಡೆಗೆ ಶಾಖವಾಗಿ ಕೋಣೆಗೇ ಸೇರುತ್ತದೆ. ಅಂದರೆ ನೀರು ಕಾಯಿಸುವ ಸಾವಿರ ವ್ಯಾಟಿನ ರಾಡಿನ ಅರ್ಧದಷ್ಟು ಶಾಖವನ್ನು ಸವಾರನು ಮುಚ್ಚಿದ ಕೋಣೆಯಲ್ಲಿ ಉತ್ಪಾದಿಸುತ್ತಿರುತ್ತಾನೆ. ಒಂದು ಲೀಟರ್ ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 24 ಲಕ್ಷ ಜೂಲ್ ಶಾಖವನ್ನು ಒಯ್ಯುತ್ತದೆ. ಆ ಪ್ರಕಾರ ಗಂಟೆಗೆ 600 ಮಿಲಿಲೀಟರ್ ಬೆವರು ಸಾಕು. ಆದರೆ ಅದಷ್ಟೂ ಆರಬೇಕು. ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಎದುರುಗಾಳಿಯೇ ಈ ಕೆಲಸ ಮಾಡಿಕೊಡುತ್ತದೆ. ಕೋಣೆಯಲ್ಲಿ ಅದನ್ನು ಫ್ಯಾನು ಮಾಡಬೇಕು.

ಸೀಲಿಂಗ್ ಫ್ಯಾನು ಸಾಲದು. ಬಲವಾದ ಪೆಡೆಸ್ಟಲ್ ಫ್ಯಾನನ್ನು ಸೈಕಲ್ಲಿನ ಮುಂದೆ, ಎದೆಯ ಮಟ್ಟಕ್ಕೆ ಗಾಳಿ ಬರುವಂತೆ ಇಡಬೇಕು. ಎದುರುಬದುರು ಕಿಟಕಿ ಬಾಗಿಲುಗಳಿರುವ ಕೋಣೆ ಉತ್ತಮ. ಏಪ್ರಿಲಿನಿಂದ ಜೂನಿನವರೆಗೆ ಬೆಳಗಿನ ಜಾವವೇ ಪ್ರಶಸ್ತ. ಸವಾರಿಗೆ ಮುನ್ನ ಮತ್ತು ಅನಂತರ ತೂಕ ನೋಡಿಕೊಂಡರೆ, ಕುಡಿದ ನೀರನ್ನು ಗಣನೆಗೆ ತೆಗೆದುಕೊಂಡು, ಎಷ್ಟು ಬೆವರು ಹೋಯಿತೆಂಬುದು ತಿಳಿಯುತ್ತದೆ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ನೀರು, ಉಪ್ಪುಗಳ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು.

ಅಪಾರ್ಟ್‌ಮೆಂಟಿನಲ್ಲಿರುವವರು ಟ್ರೈನರಿನ ಕೆಳಗೆ ದಪ್ಪ ರಬ್ಬರ್ ಚಾಪೆ ಹಾಸಬೇಕು. ಕಿವಿಗೆ ಕೇಳುವ ಸದ್ದಿಗಿಂತ ನೆಲದ ಮೂಲಕ ಇಳಿಯುವ ಕಂಪನವೇ ಕೆಳಮನೆಯವರಿಗೆ ಹೆಚ್ಚು ಕಾಡುತ್ತದೆ.

ಜೋಡಣೆಯ ಕ್ರಮ

1. ಟ್ರೈನರಿನ ಕಾಲುಗಳನ್ನು ಪೂರ್ಣವಾಗಿ ಬಿಚ್ಚಿ, ಸಮತಟ್ಟಾದ ನೆಲದ ಮೇಲೆ ಅಲುಗಾಡದಂತೆ ಇಡಿರಿ.

2. ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು ಹಿಂದಿನ ಚಕ್ರ ಕಳಚಿರಿ. ಡಿಸ್ಕ್ ಬ್ರೇಕ್ ಇದ್ದರೆ, ಚಕ್ರವಿಲ್ಲದಾಗ ಬ್ರೇಕ್ ಹಿಡಿಯಬೇಡಿರಿ. ಹಿಡಿದರೆ ಅದರ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

3. ಸೈಕಲ್ಲನ್ನು ಟ್ರೈನರಿನ ಮೇಲೆ ಕೂರಿಸಿ, ಚೈನು ಹಾಕಿ, ಆಕ್ಸಲನ್ನು ಬಿಗಿ ಮಾಡಿರಿ. ಹತ್ತುವ ಮುನ್ನ ಎರಡೂ ಕಡೆ ಅಲುಗಿಸಿ ನೋಡಿರಿ.

4. ಉರುಳೆ ಮಾದರಿಯಲ್ಲಿ ಹಿಂಭಾಗ ಎತ್ತರವಾಗುವುದರಿಂದ ಮುಂದಿನ ಚಕ್ರದ ಕೆಳಗೆ ದಿಮ್ಮಿ ಇಡಬೇಕು.

5. ಸೀಟಿನ ಎತ್ತರ ಸರಿಯೇ ಎಂದು ನೋಡಿರಿ. ಪೆಡಲು ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು; ಪಾದದ ಮುಂಭಾಗವನ್ನಿಟ್ಟರೆ ಮೊಣಕಾಲು ತುಸು ಬಾಗಿರಬೇಕು. ಕದಲದ ಸೈಕಲ್ಲಿನಲ್ಲಿ ಒಂದೇ ಭಂಗಿ ದೀರ್ಘಕಾಲ ಮುಂದುವರಿಯುವುದರಿಂದ ಸಣ್ಣ ವ್ಯತ್ಯಾಸವೂ ಮೊಣಕಾಲಿಗೆ ನೋವು ತರುತ್ತದೆ.

6. ವಿದ್ಯುತ್ ಸಂಪರ್ಕ ಕೊಟ್ಟು, ತಯಾರಕರ ಆ್ಯಪ್ ಮೂಲಕ ಯಂತ್ರದ ತಂತ್ರಾಂಶವನ್ನು ನವೀಕರಿಸಿರಿ. ಬಳಿಕ ಆ ಆ್ಯಪನ್ನು ಮುಚ್ಚಿರಿ. ಬ್ಲೂಟೂತ್ ಸಂಪರ್ಕವನ್ನು ಒಂದು ಸಾಧನ ಹಿಡಿದಿದ್ದರೆ ಇನ್ನೊಂದಕ್ಕೆ ಟ್ರೈನರು ಕಾಣಿಸದೆ ಹೋಗುವುದು ಸಾಮಾನ್ಯ.

7. ಸವಾರಿಯ ತಂತ್ರಾಂಶದಲ್ಲಿ ನಿಮ್ಮ ನಿಜವಾದ ತೂಕವನ್ನು ದಾಖಲಿಸಿರಿ. ಏರಿನಲ್ಲಿ ಎಷ್ಟು ಭಾರ ಕೊಡಬೇಕೆಂಬ ಲೆಕ್ಕ ನಡೆಯುವುದು ಅದರಿಂದಲೇ.

8. ಹತ್ತು ನಿಮಿಷ ತುಳಿದು ಯಂತ್ರ ಬೆಚ್ಚಗಾದ ಮೇಲೆ ಅಳತೆಯನ್ನು ಸರಿಪಡಿಸುವ ಕ್ರಿಯೆ ನಡೆಸಿರಿ. ಕೆಲವು ಮಾದರಿಗಳು ಇದನ್ನು ತಾವೇ ಮಾಡಿಕೊಳ್ಳುತ್ತವೆ. ಉರುಳೆ ಮಾದರಿಯಲ್ಲಿ ಟೈರಿನ ಗಾಳಿಯನ್ನು ಪ್ರತಿಸಲವೂ ಒಂದೇ ಪ್ರಮಾಣದಲ್ಲಿಡಬೇಕು.

ಸವಾರಿ

ವ್ಯಾಟ್ ಎಂಬುದರ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವಿದ್ದರೆ, ಅದನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 78,500 ಜೂಲ್ ಶಕ್ತಿ ಬೇಕು. ಸವಾರನು 130 ವ್ಯಾಟ್ ಹಾಕಿದರೆ, ಗಾಳಿ ಮತ್ತು ರಸ್ತೆಯ ತಡೆಯನ್ನು ಬಿಟ್ಟು, ಹತ್ತು ನಿಮಿಷದಲ್ಲಿ ಆ ಎತ್ತರವನ್ನು ತಲುಪುತ್ತಾನೆ. ಪರದೆಯ ಮೇಲಿನ ಬೆಟ್ಟ ಕಾಲ್ಪನಿಕವಾದರೂ ಕಾಲು ಮಾಡಿದ ಕೆಲಸ ನಿಜ.

ಬಳಕೆಗೆ ಎರಡು ವಿಧಾನಗಳಿವೆ. ಮೊದಲನೆಯದು ರಸ್ತೆಯ ಅನುಕರಣೆ. ಎರಡನೆಯದು ಎರ್ಗ್ ವಿಧಾನ. ಇಲ್ಲಿ ನೂರು ವ್ಯಾಟ್ ಎಂದು ನಿಗದಿಪಡಿಸಿದರೆ ಸವಾರನು ಯಾವ ವೇಗದಲ್ಲಿ ತುಳಿದರೂ ಯಂತ್ರ ನೂರು ವ್ಯಾಟ್ ಕೆಲಸವನ್ನೇ ತೆಗೆದುಕೊಳ್ಳುತ್ತದೆ. ಇದರಲ್ಲೊಂದು ತೊಡಕಿದೆ. ದಣಿದು ಪೆಡಲಿನ ವೇಗ ಕುಸಿದರೆ, ಲೆಕ್ಕ ಸರಿದೂಗಿಸಲು ಯಂತ್ರವು ಭಾರವನ್ನು ಹೆಚ್ಚಿಸುತ್ತದೆ. ಆಗ ವೇಗ ಇನ್ನೂ ಕುಸಿದು ಕೊನೆಗೆ ಕಾಲು ನಿಂತೇ ಹೋಗುತ್ತದೆ. ಹಾಗಾದಾಗ ಹೋರಾಡದೆ, ಕೆಲವು ಕ್ಷಣ ತುಳಿಯುವುದನ್ನು ನಿಲ್ಲಿಸಿ, ಗುರಿಯನ್ನು ಇಳಿಸಿ, ನಿಮಿಷಕ್ಕೆ 80ರಿಂದ 90 ಸುತ್ತಿನ ಲಯದಲ್ಲಿ ಮತ್ತೆ ಆರಂಭಿಸಬೇಕು.

ಒಬ್ಬರು ಸುಮಾರು ಒಂದು ಗಂಟೆ ಕಾಲ ನಿರಂತರವಾಗಿ ಹಾಕಬಲ್ಲ ಗರಿಷ್ಠ ಶಕ್ತಿಯನ್ನು ಎಫ್‌ಟಿಪಿ ಎನ್ನುತ್ತಾರೆ. ಇಪ್ಪತ್ತು ನಿಮಿಷದ ಪೂರ್ಣ ಪ್ರಯತ್ನದ ಸರಾಸರಿಯಲ್ಲಿ ಶೇಕಡಾ 95 ಎಂದು ಇದನ್ನು ಅಂದಾಜು ಮಾಡುವುದು ರೂಢಿ; 160 ವ್ಯಾಟ್ ಬಂದರೆ ಎಫ್‌ಟಿಪಿ 152. ತಂತ್ರಾಂಶಗಳು ಮೊದಲ ದಿನವೇ ಈ ಪರೀಕ್ಷೆಗೆ ಆಹ್ವಾನಿಸುತ್ತವೆ. ವ್ಯಾಯಾಮದ ಅಭ್ಯಾಸವಿಲ್ಲದ ಐವತ್ತರ ವಯಸ್ಸಿನವರು ಇದನ್ನು ಒಪ್ಪಬಾರದು. ಮೊದಲ ಆರು ವಾರ, ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುವುದು ಕ್ಷೇಮ. ತುಳಿಯುತ್ತಲೇ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವಷ್ಟು ಶ್ರಮ ಸಾಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ.

ಎಚ್ಚರಿಕೆಗಳು

ಹೃದ್ರೋಗ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. 220ರಿಂದ ವಯಸ್ಸನ್ನು ಕಳೆದು ಗರಿಷ್ಠ ನಾಡಿಬಡಿತ ಕಂಡುಹಿಡಿಯುವ ಸೂತ್ರ ಬರಿಯ ಅಂದಾಜು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ವರ್ಗದ ಮಾತ್ರೆ ಸೇವಿಸುವವರಲ್ಲಿ ನಾಡಿ ಏರುವುದೇ ಕಡಿಮೆ. ಅವರು ಈ ಸೂತ್ರವನ್ನು ನೆಚ್ಚಲಾಗದು. ಎದೆನೋವು, ಎಡಗೈ ಅಥವಾ ದವಡೆಯಲ್ಲಿ ನೋವು, ತಲೆಸುತ್ತು, ಅಸಹಜ ಉಸಿರುಕಟ್ಟು ಕಂಡರೆ ತಕ್ಷಣ ಇಳಿದು ಮನೆಯವರನ್ನು ಕರೆಯಬೇಕು. ಈ ಕಾರಣದಿಂದಲೇ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬಾರದು.

ಪಂಚೆ, ಸೆರಗು, ದುಪಟ್ಟಾಗಳು ಚೈನಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಮೊಮ್ಮಕ್ಕಳಿರುವ ಮನೆಯಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಅಗತ್ಯ. ತುಳಿಯುವುದನ್ನು ನಿಲ್ಲಿಸಿದ ಮೇಲೂ ಒಳಚಕ್ರ ಕೆಲವು ಕ್ಷಣ ತಿರುಗುತ್ತಿರುತ್ತದೆ; ಪುಟ್ಟ ಬೆರಳುಗಳಿಗೆ ಅಷ್ಟು ಸಾಕು.

ಪಾಲನೆ

ಬೆವರಿನ ಉಪ್ಪು ಮತ್ತು ಕಡಲಗಾಳಿಯ ಉಪ್ಪು ಎರಡೂ ಸೇರಿ ಹ್ಯಾಂಡಲಿನ ಬೋಲ್ಟುಗಳನ್ನು ತುಕ್ಕು ಹಿಡಿಸುತ್ತವೆ. ಹ್ಯಾಂಡಲಿನ ಮೇಲೆ ಟವಲು ಹೊದಿಸಿ, ಸವಾರಿ ಮುಗಿದೊಡನೆ ಒದ್ದೆಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಬೇಕು. ಚೈನಿಗೆ ನಿಯಮಿತವಾಗಿ ಎಣ್ಣೆ ಬೇಕು. ಗುಡುಗು ಮಿಂಚಿನ ಸಂದರ್ಭದಲ್ಲಿ ಪ್ಲಗ್ಗು ಕಳಚುವುದು ಉಚಿತ. 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತದ ಅನಂತರ ನಗರವು ವಿದ್ಯುತ್ತಿಲ್ಲದೆ ದಿನಗಳನ್ನು ಕಳೆದುದು ನಮಗೆ ತಿಳಿದಿದೆ. ವಿದ್ಯುತ್ತಿಲ್ಲದಾಗ ಹೆಚ್ಚಿನ ಸ್ಮಾರ್ಟ್ ಟ್ರೈನರುಗಳು ಭಾರವನ್ನು ನಿಯಂತ್ರಿಸಲಾರವು. ಅದಕ್ಕಿಂತ ಮುಖ್ಯವಾಗಿ ಫ್ಯಾನೂ ಇರುವುದಿಲ್ಲ. ಅಂದು ಸವಾರಿಗೆ ರಜೆ ಕೊಡುವುದೇ ಸರಿ.

ಟ್ರೈನರಿನ ಮಿತಿಯನ್ನೂ ಹೇಳಬೇಕು. ಸಮತೋಲನ, ತಿರುವು, ಬ್ರೇಕು ಇವುಗಳ ಅಭ್ಯಾಸ ಇಲ್ಲಿ ದೊರೆಯದು. ಕುಳಿತು ತುಳಿಯುವಾಗ ಮೂಳೆಗಳ ಮೇಲೆ ದೇಹದ ಭಾರ ಬೀಳದಿರುವುದರಿಂದ ಅವುಗಳ ಬಲಕ್ಕೆ ನಡಿಗೆ ಮತ್ತು ತೂಕದ ವ್ಯಾಯಾಮ ಪ್ರತ್ಯೇಕವಾಗಿ ಬೇಕು. ಒಬ್ಬರೇ ತುಳಿಯುವ ಬೇಸರದಿಂದ ಎಷ್ಟೋ ಮನೆಗಳಲ್ಲಿ ವ್ಯಾಯಾಮದ ಯಂತ್ರಗಳು ಬಟ್ಟೆ ಒಣಗಿಸುವ ಕಂಬಗಳಾಗುವುದೂ ಉಂಟು. ಇದಕ್ಕೆ ಜೊತೆಗಾರಿಕೆ ಒಂದು ಪರಿಹಾರ. ದುವ್ವಾಡದಲ್ಲಿ ಬೆಳಗಿನ ಆರು ಗಂಟೆಯಾದಾಗ, ಬೇಸಿಗೆಯ ತಿಂಗಳುಗಳಲ್ಲಿ, ನ್ಯೂಜೆರ್ಸಿಯಲ್ಲಿ ಹಿಂದಿನ ಸಂಜೆ ಎಂಟೂವರೆ. ತಂದೆ ಇಲ್ಲಿ, ಮಗಳು ಅಲ್ಲಿ, ಒಂದೇ ತಂತ್ರಾಂಶದ ಒಂದೇ ರಸ್ತೆಯಲ್ಲಿ ಅರ್ಧ ಗಂಟೆ ಜೊತೆಯಾಗಿ ಸಾಗಬಹುದು. ವೇಗದಲ್ಲಿ ವ್ಯತ್ಯಾಸವಿದ್ದರೂ ಗುಂಪನ್ನು ಒಟ್ಟಿಗೆ ಇರಿಸುವ ಸೌಲಭ್ಯವೂ ಉಂಟು. ಮಾತನಾಡುತ್ತ ತುಳಿಯಬಲ್ಲಷ್ಟು ಶ್ರಮವೇ ಹೃದಯಕ್ಕೆ ಕ್ಷೇಮವೆಂದು ಮೇಲೆ ಹೇಳಲಾಗಿದೆ. ಫೋನಿನಲ್ಲಿ ಮಗಳೊಡನೆ ಮಾತು ಸಾಗುತ್ತಿದ್ದರೆ ಆ ಮಿತಿಯನ್ನು ಅಳೆಯಲು ಬೇರೊಂದು ಸಾಧನ ಬೇಕಾಗುವುದಿಲ್ಲ.