ತೊಗರಿ, ಹೆಸರು ಮತ್ತು ನೋಂದಣಿ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ವೇಳೆಯಲ್ಲಿ ಷೇರು, ಸಾಲ, ವಸೂಲಿ ವಿಷಯ ಹಿರಿಯರು ಬರೆದಿದ್ದಾರೆ. ನಾವು ತೊಗರಿ ವಿಷಯ ಬರೆಯುತ್ತೇವೆ. ಯಾಕಂದರೆ ಮಹಾಸಭೆಯಲ್ಲಿ ಒಂದು ಮಾತು ಬಂದೇ ಬರ್ತದ: "ನಮ್ಮ ಬೇಳಿ ಅಮೇರಿಕಾದಾಗ, ದುಬೈದಾಗ ತಿಂತಾರಂತ. ನಾವೇ ಯಾಕ ಕಳಸಬಾರದು?" ಪ್ರಶ್ನೆ ಸರಿಯಾದದ್ದೇ. ಉತ್ತರ ತಿಳಿಯಬೇಕಾದರೆ ಸ್ವಲ್ಪ ಇತಿಹಾಸ ನೋಡಬೇಕಾಗುತ್ತದೆ.

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಕರಿಮಣ್ಣಿನ ಕೆಳಗೆ ಸುಣ್ಣದ ಕಲ್ಲಿದೆ. ಈ ಕಲ್ಲಿನ ಸಲುವಾಗಿಯೇ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆ ಬಂದವು. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಹೈದರಾಬಾದ್ ಕಡೆಗೆ ರೈಲು ಶುರುವಾಯಿತು. ಮುಂಬೈ, ಮದ್ರಾಸ್ ದಾರಿ ಅದಕ್ಕೂ ಮೊದಲೇ ಆಗಿತ್ತು. ಹೀಗೆ ನಮ್ಮ ಸೀಮೆಯ ಮಾಲಿಗೆ ಮೂರು ದಿಕ್ಕು ತೆರೆದವು. ಆದರೆ ಒಂದು ಫರಕು ನೋಡ್ರಿ. ಶಹಾಬಾದ ಕಲ್ಲು ಯಾವ ಊರಿಗೆ ಹೋದರೂ ಶಹಾಬಾದ ಕಲ್ಲೇ. ನಮ್ಮ ತೊಗರಿ ಹಾಗಲ್ಲ. ಅಡತಿ ಅಂಗಡಿಗೆ ಬಿದ್ದ ಮೇಲೆ ಸೇಡಂದೂ ಒಂದೇ, ಚಿಂಚೋಳಿದೂ ಒಂದೇ. ದಾಲ್ ಮಿಲ್ಲಿನಿಂದ ಹೊರಗೆ ಬಂದಾಗ ಚೀಲದ ಮೇಲೆ ಮಿಲ್ಲಿನವರ ಹೆಸರು. ಬೆಳೆದವನ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ.

ಸರಕಾರದ ಕಾಯ್ದೆಗಳೂ ಬಹಳ ಕಾಲ ವ್ಯಾಪಾರಿಯನ್ನೇ ನೋಡಿದವು. ಹೈದರಾಬಾದ್ ಸಂಸ್ಥಾನದ 1930ರ ಮಾರುಕಟ್ಟೆ ಕಾಯ್ದೆ, ಆಮೇಲೆ ನಮ್ಮ ರಾಜ್ಯದ 1966ರ ಎಪಿಎಂಸಿ ಕಾಯ್ದೆ, ಎರಡರಲ್ಲೂ ಲೈಸೆನ್ಸು ಕೊಳ್ಳುವವನಿಗೆ. ಪರದೇಶದ ವ್ಯಾಪಾರಕ್ಕೆ ಅಪೇಡಾ ಸಂಸ್ಥೆ ಬಂದದ್ದು 1985ರ ಕಾಯ್ದೆಯಿಂದ. ರಫ್ತು ಮಾಡುವವರು 1992ರ ವಿದೇಶಿ ವ್ಯಾಪಾರ ಕಾಯ್ದೆ ಪ್ರಕಾರ ಕೋಡ್ ನಂಬರ್ ತೆಗೆದುಕೊಳ್ಳಬೇಕು, ಅಪೇಡಾದಲ್ಲಿ ನೋಂದಣಿ ಮಾಡಿಸಬೇಕು. 2006ರ ಆಹಾರ ಸುರಕ್ಷತೆ ಕಾಯ್ದೆಯ ಲೈಸೆನ್ಸು ಬೇರೆ.

ಇದೆಲ್ಲಾ ನಮ್ಮ ದೇಶದ ಕಾಗದ. ಕೊಳ್ಳುವ ದೇಶದ ಕಾಗದ ಇನ್ನೊಂದು. ಅಮೇರಿಕಾದಲ್ಲಿ 2001ರ ದಾಳಿ ನಂತರ, ಆಹಾರದಲ್ಲಿ ಯಾರಾದರೂ ವಿಷ ಬೆರೆಸಿಯಾರು ಎಂಬ ಭಯದಿಂದ, 2002ರಲ್ಲಿ ಒಂದು ಕಾಯ್ದೆ ಮಾಡಿದರು. ಅದರ ಪ್ರಕಾರ 2003ರ ಡಿಸೆಂಬರ್ 12ರಿಂದ, ಆ ದೇಶದ ಜನ ತಿನ್ನುವ ಆಹಾರವನ್ನು ತಯಾರಿಸುವ, ಕಟ್ಟುವ, ಕೂಡಿಡುವ ಪ್ರತಿಯೊಂದು ಮಿಲ್ಲು, ಗೋದಾಮು ಅವರ ಎಫ್‌ಡಿಎ ಇಲಾಖೆಯಲ್ಲಿ ಹೆಸರು ಬರೆಸಬೇಕು. ಹೊರದೇಶದವರು ಅಲ್ಲಿಯೇ ವಾಸವಿರುವ ಒಬ್ಬ ಏಜೆಂಟನನ್ನೂ ತೋರಿಸಬೇಕು. ಮಾಲು ಮುಟ್ಟುವ ಮೊದಲೇ ಸೂಚನೆ ಕಳಿಸಬೇಕು. 2011ರಲ್ಲಿ ನಿಯಮ ಇನ್ನೂ ಬಿಗಿಯಾಗಿ, ಸಮ ಸಂಖ್ಯೆಯ ವರ್ಷದ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ನವೀಕರಣ ಮಾಡಿಸಬೇಕೆಂದು ಆಯಿತು. ಚೀನಾ ದೇಶವೂ 2022ರ ಜನವರಿಯಿಂದ ಇಂಥದೇ ನೋಂದಣಿ ತಂದಿತು.

ಇಲ್ಲಿ ಸದಸ್ಯರು ಎರಡು ಮಾತು ನೆನಪಿಡಬೇಕು. ಒಂದು, ಹೊಲಕ್ಕೆ ಆ ನೋಂದಣಿ ಬೇಕಿಲ್ಲ. ಇಡೀ ತೊಗರಿಯನ್ನು ಗೋದಾಮಿನಲ್ಲಿಟ್ಟು ಮಿಲ್ಲಿಗೆ ಕೊಡುವ ಸಂಘಕ್ಕೂ ಬೇಕಿಲ್ಲ. ಬೇಳೆ ಒಡೆದು ಚೀಲ ಕಟ್ಟಿ ಕಳಿಸುವವರಿಗೆ ಬೇಕು. ಎರಡು, ಆ ಇಲಾಖೆ ನೋಂದಣಿಗೆ ಫೀ ತೆಗೆದುಕೊಳ್ಳುವುದಿಲ್ಲ, ಸರ್ಟಿಫಿಕೇಟೂ ಕೊಡುವುದಿಲ್ಲ. ಚಂದದ ಮುದ್ರೆ ಒತ್ತಿದ ಎಫ್‌ಡಿಎ ಸರ್ಟಿಫಿಕೇಟ್ ತಂದುಕೊಡ್ತೀವಿ ಅಂತ ಯಾರಾದರೂ ರೊಕ್ಕ ಕೇಳಿದರೆ ಸಂಘದ ಕಚೇರಿಗೆ ತಿಳಿಸ್ರಿ.

ಕಾಗದ ಎಲ್ಲಾ ಇದ್ದರೂ ಬಾಗಿಲು ಮುಚ್ಚಿದ ಕಾಲವೊಂದಿತ್ತು. ದೇಶದಲ್ಲಿ ಬೇಳೆ ತುಟ್ಟಿಯಾಯಿತೆಂದು 2006ರ ಜೂನ್‌ನಲ್ಲಿ ಕೇಂದ್ರ ಸರಕಾರ ಬೇಳೆಕಾಳು ರಫ್ತು ನಿಲ್ಲಿಸಿತು. ಸಾವಯವ ಬೇಳೆಗೆ ಮುಂದೆ ಸ್ವಲ್ಪ ವಿನಾಯಿತಿ ಸಿಕ್ಕಿತು ಅಷ್ಟೇ. ಇತ್ತ ಬರ್ಮಾ, ಮೊಜಾಂಬಿಕ್ ದೇಶಗಳ ತೊಗರಿ ಒಳಗೆ ಬರುತ್ತಿತ್ತು. 2016-17ರಲ್ಲಿ ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲಿಗೆ 5050 ರೂಪಾಯಿ. ಪೇಟೆ ಧಾರಣಿ ಅದಕ್ಕಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರದ ಮುಂದೆ ಗಾಡಿ ಸಾಲು ಹಚ್ಚಿ ಕೂತ ರೈತರಿಗೆ ಆ ಸುಗ್ಗಿ ಮರೆಯುವಂಥದಲ್ಲ. 2017ರ ಸೆಪ್ಟೆಂಬರ್‌ನಲ್ಲಿ ತೊಗರಿ ರಫ್ತಿನ ನಿರ್ಬಂಧ ತೆಗೆದರು. ಅಷ್ಟರಲ್ಲಿ ನಮ್ಮ ರಾಶಿ ಮಾರಿ ಹೋಗಿತ್ತು.

ಆಮೇಲೆ ಎರಡು ಒಳ್ಳೆಯ ಕೆಲಸ ಆದವು. 2019ರಲ್ಲಿ "ಗುಲಬರ್ಗಾ ತೊಗರಿ ಬೇಳೆ"ಗೆ ಭೌಗೋಳಿಕ ಗುರುತು ಸಿಕ್ಕಿತು. ಜಿಲ್ಲೆಯ ಹೆಸರು 2014ರಲ್ಲೇ ಕಲಬುರಗಿ ಆಗಿದ್ದರೂ ಬೇಳೆಗೆ ಹಳೆ ಹೆಸರೇ ಉಳಿಯಿತು. ಶಹಾಬಾದ ಕಲ್ಲಿಗೆ ಜನರ ಬಾಯಿಂದ ಬಂದ ಮಾನ ನಮ್ಮ ಬೇಳೆಗೆ ಕಾಯ್ದೆಯಿಂದ ಬಂತು. ಆದರೆ ಆ ಗುರುತು ಚೀಲದ ಮೇಲೆ ಹಾಕಬೇಕಾದರೆ ಬೆಳೆಗಾರರೂ ಸಂಘಗಳೂ ಅಧಿಕೃತ ಬಳಕೆದಾರರೆಂದು ಹೆಸರು ನೋಂದಾಯಿಸಬೇಕು. ಸುಮ್ಮನೆ ಕೂತರೆ ಗುರುತು ಕಾಗದದಲ್ಲೇ ಉಳಿಯುತ್ತದೆ. ಎರಡನೆಯದು, 2023ರ ಜನವರಿಯಲ್ಲಿ ರಾಷ್ಟ್ರೀಯ ಸಹಕಾರಿ ರಫ್ತು ಸಂಸ್ಥೆ ಸ್ಥಾಪನೆಯಾಯಿತು. ನಮ್ಮಂಥ ಪ್ರಾಥಮಿಕ ಸಂಘಗಳೂ ಅದಕ್ಕೆ ಸದಸ್ಯರಾಗಬಹುದು. ಒಂದು ಹಳ್ಳಿಯ ಸಂಘ ಪರದೇಶದ ಏಜೆಂಟನನ್ನು ಹುಡುಕಿಕೊಂಡು ಹೋಗುವುದು ಕಷ್ಟ. ಹತ್ತು ಸಂಘ ಕೂಡಿದರೆ ಆ ಭಾರ ಹಗುರ.

ನಮ್ಮ ಅಭಿಪ್ರಾಯ ಇಷ್ಟೇ. ನೋಂದಣಿ ಅಂದರೆ ಮಾಲು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಎಂದು ಕೇಳಿದಾಗ ಉತ್ತರ ಕೊಡುವುದು. ಆ ಉತ್ತರ ಮಿಲ್ಲಿನಲ್ಲಿ ಹುಟ್ಟುವುದಿಲ್ಲ, ಕಣದಲ್ಲಿ ಹುಟ್ಟುತ್ತದೆ. ಯಾವ ಸರ್ವೆ ನಂಬರಿನ ತೊಗರಿ, ಯಾವ ಬೀಜ, ಯಾವ ಔಷಧ ಎಷ್ಟು ಸಲ ಹೊಡೆದದ್ದು, ರಾಶಿ ಯಾವ ದಿನ ಆಯಿತು, ಇಷ್ಟನ್ನು ಪ್ರತಿ ಸದಸ್ಯರೂ ಒಂದು ವಹಿಯಲ್ಲಿ ಬರೆದಿಡಬೇಕು. ಸಂಘದವರು ಊರಿನ ಮಾಲನ್ನು ಬೇರೆ ಥಪ್ಪಿ ಹಚ್ಚಿ ಇಡಬೇಕು. ಇದಕ್ಕೆ ಯಾವ ದೇಶದ ಅಪ್ಪಣೆಯೂ ಬೇಕಿಲ್ಲ. ಬರುವ ಮುಂಗಾರಿನಿಂದಲೇ ಶುರು ಮಾಡಬಹುದು.

25 ವರ್ಷ ಸಾಲ ಕೊಟ್ಟು ಬೀಜ ಗೊಬ್ಬರ ಕೊಟ್ಟ ಸಂಘ, ಇನ್ನು ಮುಂದೆ ಬೆಳೆದವರ ಹೆಸರನ್ನೂ ಪೇಟೆಗೆ ಮುಟ್ಟಿಸಲಿ ಎಂದು ಹಾರೈಸುತ್ತೇವೆ.