ಸೈಪ್ರಸ್ ದ್ವೀಪದ ಸಂಧಾನಪ್ರಯತ್ನಗಳು

ಷೇಕ್ಸ್‌ಪಿಯರ್ ಮಹಾಕವಿಯ ‘ಒಥೆಲೊ’ ನಾಟಕವನ್ನೋದಿದವರಿಗೆ ಸೈಪ್ರಸ್ ದ್ವೀಪವು ಅಪರಿಚಿತವಲ್ಲ. ಮೊದಲನೆಯ ಅಂಕವೊಂದನ್ನುಳಿದು ಆ ದುರಂತದ ಕಥೆಯೆಲ್ಲವೂ ನಡೆಯುವುದು ಅಲ್ಲಿಯೇ. ಕವಿಯ ಕಾಲಕ್ಕಾಗಲೇ ವೆನಿಸ್ಸಿನವರು ದ್ವೀಪವನ್ನು ಕಳೆದುಕೊಂಡಿದ್ದರು. 1571ರಲ್ಲಿ ಅದು ತುರ್ಕರ ವಶವಾಗಿದ್ದಿತು. 1878ರಲ್ಲಿ ಅದರ ಆಡಳಿತವು ಆಂಗ್ಲರ ಕೈಸೇರಿತು. ಇಪ್ಪತ್ತನೆಯ ಶತಮಾನದ ನಡುವೆ ಅಲ್ಲಿನ ಜನರಲ್ಲಿ ನೂರಕ್ಕೆ ಸುಮಾರು 80 ಮಂದಿ ಗ್ರೀಕ್ ಭಾಷೆಯನ್ನಾಡುವ ಕ್ರೈಸ್ತರು, ಸುಮಾರು 18 ಮಂದಿ ತುರ್ಕಿಯನ್ನಾಡುವ ಮುಸಲ್ಮಾನರು. ಇಂತಹ ನಾಡೊಂದು ಒಡೆದಾಗ ಹೊರಗಿನವರು ಎಷ್ಟರಮಟ್ಟಿಗೆ ಅದನ್ನು ಕೂಡಿಸಬಲ್ಲರೆಂಬುದೇ ನಾವು ಇಲ್ಲಿ ವಿಚಾರಿಸಬೇಕಾದ ಸಂಗತಿ. ನಮ್ಮ ಕೊಡಗಿನ ಮಹನೀಯರೊಬ್ಬರು ಈ ಕಾರ್ಯದಲ್ಲಿಯೇ ಪ್ರಾಣವನ್ನು ತೊರೆದುದರಿಂದ ಕನ್ನಡಿಗರಾದ ನಮಗೆ ಈ ವಿಚಾರವು ಪೂರ್ತಿಯಾಗಿ ಹೊರಗಿನದಲ್ಲ.

ಗ್ರೀಕರಲ್ಲಿ ಬಹುಮಂದಿ ಬಯಸಿದ್ದು ‘ಎನೋಸಿಸ್’, ಎಂದರೆ ಗ್ರೀಸ್ ದೇಶದೊಡನೆ ಐಕ್ಯ. ತುರ್ಕರ ಮುಖಂಡರು ಇದಕ್ಕೆ ಪ್ರತಿಯಾಗಿ ‘ತಕ್ಸೀಮ್’, ಎಂದರೆ ವಿಭಜನೆಯನ್ನು ಕೇಳಿದರು. (ಈ ಅರಬ್ಬೀ ಮೂಲದ ಶಬ್ದವು ನಮ್ಮ ದೇಶದ ಉರ್ದುವಿನಲ್ಲಿಯೂ ಇದೇ ಅರ್ಥದಲ್ಲಿ ರೂಢವಾಗಿರುವುದನ್ನು ವಾಚಕರು ಬಲ್ಲರು.) ಇವೆರಡನ್ನೂ ನಿಷೇಧಿಸಿ, 1959ರ ಫೆಬ್ರವರಿಯಲ್ಲಿ ಜ್ಯೂರಿಕ್ ಮತ್ತು ಲಂಡನ್ ನಗರಗಳಲ್ಲಿ ಒಪ್ಪಂದಗಳಾದವು, 1960ನೆಯ ಆಗಸ್ಟ್ 16ರಂದು ದ್ವೀಪವು ಸ್ವತಂತ್ರವಾಯಿತು. ಅಧ್ಯಕ್ಷನು ಗ್ರೀಕನಾಗಿರತಕ್ಕದ್ದು, ಉಪಾಧ್ಯಕ್ಷನು ತುರ್ಕನಾಗಿರತಕ್ಕದ್ದು. ಶಾಸನಸಭೆಯ 50 ಸ್ಥಾನಗಳಲ್ಲಿ 35 ಗ್ರೀಕರಿಗೆ, 15 ತುರ್ಕರಿಗೆ. ದೊಡ್ಡ ಪಟ್ಟಣಗಳಲ್ಲಿ ಬೇರೆ ಬೇರೆ ಪುರಸಭೆಗಳು. ಬ್ರಿಟನ್, ಗ್ರೀಸ್, ತುರ್ಕಿ ಎಂಬ ಮೂರು ರಾಷ್ಟ್ರಗಳು ಈ ವ್ಯವಸ್ಥೆಗೆ ಜಾಮೀನಾಗಿ ನಿಂತವು. ನಮಗೆ ತೋರುವಂತೆ ಮುಂದಣ ಅನರ್ಥಗಳ ಬೀಜವು ಇಲ್ಲಿಯೇ ಇದ್ದಿತು. ಸಂವಿಧಾನವನ್ನು ದ್ವೀಪದ ಜನರ ಮುಂದಿಟ್ಟು ಅವರ ಮತವನ್ನು ಯಾರೂ ಕೇಳಲಿಲ್ಲ. ಅಲ್ಲದೆ ಜಾಮೀನುದಾರರೇ ವ್ಯಾಜ್ಯದಲ್ಲಿ ಪಾಲುಳ್ಳವರಾಗಿದ್ದರು.

1963ನೆಯ ನವೆಂಬರ್ 30ರಂದು ಅಧ್ಯಕ್ಷ ಮಕಾರಿಯೋಸರು ಸಂವಿಧಾನಕ್ಕೆ 13 ತಿದ್ದುಪಡಿಗಳನ್ನು ಸೂಚಿಸಿದರು. ಡಿಸೆಂಬರ್ 21ರಂದು ರಾಜಧಾನಿಯಾದ ನಿಕೋಸಿಯದಲ್ಲಿ ರಕ್ತಪಾತವು ಮೊದಲಾಯಿತು. ಆಂಗ್ಲ ಸೇನಾಧಿಕಾರಿಯಾದ ಮೇಜರ್ ಜನರಲ್ ಪೀಟರ್ ಯಂಗರು ನಗರದ ನಕ್ಷೆಯ ಮೇಲೆ ಹಸುರು ಸೀಸದಕಡ್ಡಿಯಿಂದ ಎಳೆದ ಕದನವಿರಾಮದ ಗೆರೆಗೆ ‘ಹಸುರು ಗೆರೆ’ಯೆಂಬ ಹೆಸರು ಅಂದಿನಿಂದ ನಿಂತುಹೋಗಿದೆ. 1964ನೆಯ ಮಾರ್ಚ್ 4ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು ತನ್ನ 186ನೆಯ ನಿರ್ಣಯದಿಂದ ಶಾಂತಿಪಾಲಕ ಸೈನ್ಯವೊಂದನ್ನೂ ಮಧ್ಯಸ್ಥರೊಬ್ಬರನ್ನೂ ಕಳುಹಿಸಲು ಏರ್ಪಡಿಸಿತು.

ಈ ನಿರ್ಣಯದ ಶಬ್ದಗಳು ಭಾಷಾಭ್ಯಾಸಿಗಳ ಗಮನಕ್ಕೆ ಅರ್ಹವಾದುವು. ಸೈನ್ಯದ ಕರ್ತವ್ಯಗಳು ಮೂರು: ಕಾಳಗವು ಮರುಕಳಿಸದಂತೆ ತಡೆಯುವುದು, ಶಾಂತಿ ಸುವ್ಯವಸ್ಥೆಗೆ ನೆರವಾಗುವುದು, ‘ಸಹಜಸ್ಥಿತಿ’ಗೆ ಮರಳಲು ಸಹಾಯಮಾಡುವುದು. ಸಹಜಸ್ಥಿತಿಯೆಂದರೆ ಯಾವುದು? ಗ್ರೀಕರು ಸರ್ಕಾರದ ಅಧಿಕಾರವು ದ್ವೀಪದಾದ್ಯಂತ ನಡೆಯುವುದೆಂದು ಅರ್ಥಮಾಡಿದರು. ತುರ್ಕರು 1960ರ ಸಂವಿಧಾನವು ಇದ್ದಂತೆಯೇ ಪುನಃ ಸ್ಥಾಪಿತವಾಗುವುದೆಂದರು. ಇನ್ನು, ಸೈನ್ಯವನ್ನು ನಿಲ್ಲಿಸಲು ಸೈಪ್ರಸ್ ಸರ್ಕಾರದ ಸಮ್ಮತಿ ಬೇಕೆಂದು ನಿರ್ಣಯದಲ್ಲಿದ್ದಿತು. ಆ ವೇಳೆಗೆ ತುರ್ಕ ಸಚಿವರು ಸರ್ಕಾರದಲ್ಲಿ ಉಳಿದಿರಲಿಲ್ಲ. ಹೀಗಾಗಿ ಗ್ರೀಕರು ಮಾತ್ರವೇ ಇದ್ದ ಸರ್ಕಾರವು ಲೋಕಮಾನ್ಯವಾಯಿತು. ಎರಡು ಪಕ್ಷಗಳನ್ನೂ ಒಪ್ಪಿಸುವುದಕ್ಕಾಗಿ ಶಬ್ದಗಳನ್ನು ಸಂದಿಗ್ಧವಾಗಿಡುವುದು ರಾಜನೀತಿಜ್ಞರ ವಾಡಿಕೆ. ಅದರ ಕಷ್ಟವು ಬೀಳುವುದು ಮಾತ್ರ ಕಾವಲು ನಿಂತ ಸೈನಿಕನ ಮೇಲೆ.

ಸೈನ್ಯದ ಮೊದಲನೆಯ ನಾಯಕರು ಭಾರತದ ಪ್ರೇಮ್‌ಸಿಂಗ್ ಗ್ಯಾನಿಯವರು. 1964ರ ಜುಲೈಯಲ್ಲಿ ಅವರ ಸ್ಥಾನಕ್ಕೆ ಬಂದವರು ಮಡಿಕೇರಿಯಲ್ಲಿ 1906ರಲ್ಲಿ ಜನಿಸಿದ ಜನರಲ್ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯನವರು. ಕೊರಿಯದ ಯುದ್ಧಬಂದಿಗಳ ಪ್ರಶ್ನೆಯನ್ನು ನೋಡಿಕೊಂಡ ತಟಸ್ಥರಾಷ್ಟ್ರಗಳ ಆಯೋಗಕ್ಕೆ 1953-54ರಲ್ಲಿ ಅವರೇ ಅಧ್ಯಕ್ಷರಾಗಿದ್ದರು. ಸೈಪ್ರಸ್ಸಿಗೆ ಬಂದ ಮರುತಿಂಗಳೇ ದ್ವೀಪದ ವಾಯವ್ಯ ತೀರದ ಕೊಕ್ಕಿನ ಎಂಬಲ್ಲಿ ಗ್ರೀಕ್ ಸೇನೆಯು ತುರ್ಕರನ್ನು ಮುತ್ತಿತು. ತುರ್ಕಿಯ ವಿಮಾನಗಳು ಬಾಂಬುಗಳನ್ನು ಸುರಿಸಿದವು. ಕೆಲವು ಸಾವಿರ ಮಂದಿಯ, ಆತ್ಮರಕ್ಷಣೆಗೆ ಹೊರತು ಆಯುಧವನ್ನೆತ್ತಬಾರದಾಗಿದ್ದ ಸೈನ್ಯವು ಇದನ್ನು ತಡೆಯಲಾರದೆ ಹೋಯಿತು. ಆದರೆ ಗದ್ದೆ ತೋಟಗಳಲ್ಲಿ ದುಡಿಯುವವರಿಗೆ ಕಾವಲಾಗಿ, ಹೆದ್ದಾರಿಗಳಲ್ಲಿ ಪ್ರಯಾಣಿಕರಿಗೆ ಬೆಂಗಾವಲಾಗಿ, ಹಳ್ಳಿಗಳ ಸಣ್ಣ ಜಗಳಗಳು ಹೆಮ್ಮರವಾಗದಂತೆ ನೋಡಿಕೊಂಡಿತು. ಮಧ್ಯಸ್ಥಿಕೆಯ ಗತಿಯೇನಾಯಿತೆಂದರೆ, ಎಕ್ವಡಾರಿನ ಗಾಲೊ ಪ್ಲಾಜಾರು 1965ರ ಮಾರ್ಚಿಯಲ್ಲಿ ಸಲ್ಲಿಸಿದ ವರದಿಯು ಐಕ್ಯ, ವಿಭಜನೆ ಎರಡನ್ನೂ ಒಪ್ಪಲಿಲ್ಲ. ತುರ್ಕಿಯು ಅದನ್ನು ತಿರಸ್ಕರಿಸಿತು, ಅವರು ವರ್ಷಾಂತ್ಯದಲ್ಲಿ ಪದತ್ಯಾಗಮಾಡಿದರು. ಅದೇ ಡಿಸೆಂಬರ್ 18ರಂದು ತಿಮ್ಮಯ್ಯನವರು ಕರ್ತವ್ಯದಲ್ಲಿರುವಾಗಲೇ ದ್ವೀಪದಲ್ಲಿ ದಿವಂಗತರಾದರು. ಸೈಪ್ರಸ್ ಸರ್ಕಾರವು ಮರುವರ್ಷ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

1974ರ ವೃತ್ತಾಂತವನ್ನು ವಿಸ್ತರಿಸಬೇಕಾದುದಿಲ್ಲ. ಜುಲೈ 15ರಂದು ಗ್ರೀಸಿನ ಸೇನಾಧಿಕಾರಿಗಳ ಪ್ರೇರಣೆಯಿಂದ ಮಕಾರಿಯೋಸರ ವಿರುದ್ಧ ಕ್ರಾಂತಿಯಾಯಿತು. 20ರಂದು ತುರ್ಕಿಯು ತನ್ನ ಜಾಮೀನಿನ ಹಕ್ಕನ್ನು ಮುಂದುಮಾಡಿ ದಂಡೆತ್ತಿ ಬಂದಿತು. ದ್ವೀಪದ ಮೂರನೆಯ ಒಂದು ಪಾಲಿಗೂ ಮಿಕ್ಕ ಭೂಮಿ ತುರ್ಕರ ಕೈಸೇರಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ದಕ್ಷಿಣಕ್ಕೂ, ಸಹಸ್ರಾರು ತುರ್ಕರು ಉತ್ತರಕ್ಕೂ ಮನೆಮಾರುಗಳನ್ನು ಬಿಟ್ಟು ಹೋದರು. ಆಗಲೂ ಶಾಂತಿಸೈನ್ಯದ ನಾಯಕರು ಭಾರತೀಯರೇ, ದೀವಾನ್ ಪ್ರೇಮ್‌ಚಂದರು.

ಆ ಬಳಿಕ 1977ರ ಒಪ್ಪಂದದಿಂದ ಮೊದಲ್ಗೊಂಡು ಸಂಧಾನಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹಿರಿದಾದುದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನರ ಯೋಜನೆ. 2004ನೆಯ ಏಪ್ರಿಲ್ 24ರಂದು ಜನಮತವನ್ನು ಕೇಳಿದಾಗ ತುರ್ಕರಲ್ಲಿ ನೂರಕ್ಕೆ 64.9 ಮಂದಿ ಒಪ್ಪಿದರು, ಗ್ರೀಕರಲ್ಲಿ 75.8 ಮಂದಿ ನಿರಾಕರಿಸಿದರು. ಒಪ್ಪಂದವಾಗಲಿ ಆಗದಿರಲಿ, ಸೈಪ್ರಸ್ಸಿಗೆ ಯೂರೋಪಿನ ಒಕ್ಕೂಟದ ಸದಸ್ಯತ್ವವು ಅದಾಗಲೇ ನಿಶ್ಚಿತವಾಗಿದ್ದಿತು. ಮೇ 1ರಂದು ಅದು ದೊರೆಯಿತು. ಗ್ರೀಕರ ಭಯಗಳು ನಿರಾಧಾರವೆಂದು ನಾವು ಹೇಳುವುದಿಲ್ಲ. ತುರ್ಕಿಯ ಸೈನಿಕರು ಉಳಿಯುವುದನ್ನೂ, ನಿರಾಶ್ರಿತರೆಲ್ಲರೂ ಮನೆಗೆ ಮರಳಲಾಗದಿರುವುದನ್ನೂ ಅವರು ಕಂಡಿದ್ದರು. ಆದರೆ ‘ಒಲ್ಲೆವು’ ಎಂದುದಕ್ಕೆ ಯಾವ ಬೆಲೆಯನ್ನೂ ತೆರಬೇಕಾಗದಂತೆ ಮಾಡಿದವರು ಹೊರಗಿನ ಹಿತೈಷಿಗಳೇ ಎಂಬುದನ್ನು ಮರೆಯಲಾಗದು.

ಇಷ್ಟರ ನಡುವೆ ನಿಕೋಸಿಯದ ಒಳಚರಂಡಿಯ ಕಥೆಯು ನಮಗೆ ಸಂಧಿಪತ್ರಗಳಿಗಿಂತ ಬೋಧಪ್ರದವಾಗಿ ಕಾಣುತ್ತದೆ. ನಗರವನ್ನು ಇಬ್ಭಾಗಿಸಿದರೂ ಮಲಿನಜಲವು ಗೆರೆಯನ್ನು ಲಕ್ಷಿಸದೆ ಇಳಿಜಾರಿನತ್ತ ಹರಿಯುವುದಷ್ಟೆ. ಶುದ್ಧೀಕರಣದ ಸ್ಥಳವು ಉತ್ತರದಲ್ಲಿ ಉಳಿದಿದ್ದಿತು. ಗ್ರೀಕರ ಪುರಾಧ್ಯಕ್ಷ ಲೆಲ್ಲೋಸ್ ಡೆಮೆಟ್ರಿಯಾಡಿಸ್, ತುರ್ಕರ ಮುಸ್ತಫಾ ಅಕಿಂಜಿ ಇವರಿಬ್ಬರು ವಿಶ್ವಸಂಸ್ಥೆಯ ನೆರವಿನಿಂದ ಆ ಕೆಲಸವನ್ನು ಕೂಡಿ ನಡೆಸಿದರು; ಅದರಿಂದಲೇ ಇಡೀ ನಗರಕ್ಕೆ ಒಂದು ಸಮಗ್ರಯೋಜನೆಯೂ ಹುಟ್ಟಿತು. ಇದೇ ಅಕಿಂಜಿಯವರು ಮುಂದೆ ತುರ್ಕರ ನಾಯಕರಾಗಿ, 2017ರ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮುರಿದುಬಿದ್ದ ಮಾತುಕತೆಯಲ್ಲಿ ಭಾಗವಹಿಸಿದರು. ಫಮಗುಸ್ತದಲ್ಲಿರುವ ಒಥೆಲೊ ಗೋಪುರವನ್ನು ಎರಡು ಪಕ್ಷದ ತಜ್ಞರ ಸಮಿತಿಯೊಂದು ದುರಸ್ತಿಗೊಳಿಸಿ 2015ರಲ್ಲಿ ತೆರೆದುದೂ ಈ ಜಾತಿಗೆ ಸೇರಿದ ಕೆಲಸವೇ.

ಕಾಣೆಯಾದವರನ್ನು ಅರಸಲು 1981ರಲ್ಲಿ ನೇಮಿತವಾದ ಸಮಿತಿಯಲ್ಲಿ ಗ್ರೀಕರೊಬ್ಬರು, ತುರ್ಕರೊಬ್ಬರು, ವಿಶ್ವಸಂಸ್ಥೆಯು ನೇಮಿಸಿದ ಮೂರನೆಯವರೊಬ್ಬರು ಇರುವರು. ಪಟ್ಟಿಯಲ್ಲಿದ್ದ ಹೆಸರುಗಳು 2,002. ಅದರಲ್ಲಿ 1,510 ಗ್ರೀಕರವು, 492 ತುರ್ಕರವು. ಇಪ್ಪತ್ತೈದು ವರ್ಷಗಳ ಕಾಲ ಹೆಚ್ಚೇನೂ ನಡೆಯಲಿಲ್ಲ. 2006ರಿಂದ ಈಚೆಗೆ ಎರಡು ಕಡೆಯ ತರುಣ ವಿಜ್ಞಾನಿಗಳು ಒಟ್ಟಾಗಿ ಅಗೆದು, ಅಸ್ಥಿಗಳನ್ನು ಪರೀಕ್ಷಿಸಿ, ಸಾವಿರಕ್ಕೂ ಮಿಕ್ಕ ಮಂದಿಯನ್ನು ಗುರುತಿಸಿ ಬಂಧುಗಳಿಗೆ ಒಪ್ಪಿಸಿರುವರು. ಕೊಂದವರು ಯಾರು, ಹೇಗೆ ಸತ್ತರು ಎಂಬುದನ್ನು ನಿರ್ಣಯಿಸುವ ಅಧಿಕಾರವು ಸಮಿತಿಗಿಲ್ಲ. ಆ ಕಟ್ಟುಪಾಡಿಗೆ ಒಪ್ಪಿದುದರಿಂದಲೇ ಎರಡು ಪಕ್ಷಗಳೂ ಅಗೆಯಲು ಬಿಟ್ಟವು. ಮಿಕ್ಕವರಿಗಾಗಿ ಅಗೆತವು ಇನ್ನೂ ನಡೆಯುತ್ತಲಿದೆ.