ದುಡಿವ ಕೈಯ ನೋವಿನ ಚರಿತ್ರೆ

ಮಸಾಜ್ ಗನ್ ಎಂಬ ಯಂತ್ರವನ್ನು ನಮ್ಮಲ್ಲಿ ಹಲವರು ಈಗಾಗಲೇ ನೋಡಿರಬಹುದು. ಆಕಾರ ಪಿಸ್ತೂಲಿನದು. ತುದಿಯಲ್ಲೊಂದು ಮೆತ್ತನೆಯ ಗುಂಡು. ಸ್ವಿಚ್ ಒತ್ತಿದರೆ ಆ ಗುಂಡು ಸೆಕೆಂಡಿಗೆ ಮೂವತ್ತು ನಲವತ್ತು ಸಲ ಮಾಂಸಖಂಡವನ್ನು ಗುದ್ದುತ್ತದೆ. ಲಾಸ್ ಏಂಜಲೀಸಿನ ಜೇಸನ್ ವರ್ಸ್‌ಲ್ಯಾಂಡ್ ಎಂಬ ಕೈರೋಪ್ರಾಕ್ಟರ್ ಬೈಕ್ ಅಪಘಾತದಲ್ಲಿ ಪೆಟ್ಟು ತಿಂದು, ನೋವು ತಡೆಯಲಾರದೆ, ಮರ ಕೊಯ್ಯುವ ವಿದ್ಯುತ್ ಗರಗಸವನ್ನೇ ತಿದ್ದಿ ತನಗಾಗಿ ಇಂಥದ್ದೊಂದನ್ನು ಮಾಡಿಕೊಂಡರು. 2016ರಲ್ಲಿ ಅದು ‘ಥೆರಗನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮೊದಲು ಕ್ರೀಡಾಪಟುಗಳ ಚೀಲದಲ್ಲಿದ್ದದ್ದು ಈಗ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರ ಮೇಜನ್ನೂ ಸೇರಿದೆ. ಮುಂಗೈ, ಮಣಿಕಟ್ಟು, ಬೆರಳುಗಳ ನೋವಿಗೆ ಇದು ಹೊಸ ಮದ್ದು ಎನ್ನುತ್ತಾರೆ. ನೋವೂ ಹೊಸದಲ್ಲ, ಮದ್ದೂ ಹೊಸದಲ್ಲ.

ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜ್ಜಿನಿ 1700ರಲ್ಲಿ ದುಡಿಯುವವರ ಕಾಯಿಲೆಗಳ ಬಗ್ಗೆಯೇ ಒಂದು ಗ್ರಂಥ ಬರೆದ. ರೋಗಿಯ ನಾಡಿ ಹಿಡಿಯುವ ಮುನ್ನ ‘ನಿನ್ನ ಕಸುಬು ಯಾವುದು’ ಎಂದು ಕೇಳಬೇಕೆಂದು ವೈದ್ಯರಿಗೆ ಕಲಿಸಿದವನು ಅವನೇ. 1713ರ ವಿಸ್ತೃತ ಆವೃತ್ತಿಯಲ್ಲಿ ಗುಮಾಸ್ತರು, ಬರಹಗಾರರ ಕುರಿತು ಒಂದು ಅಧ್ಯಾಯ ಸೇರಿಸಿದ. ಅವರ ಕಾಯಿಲೆಗೆ ಅವನು ಕೊಟ್ಟ ಕಾರಣಗಳು ಮೂರು: ಸದಾ ಕೂತೇ ಇರುವುದು, ಕೈಯನ್ನು ಬಿಡುವಿಲ್ಲದೆ ಒಂದೇ ರೀತಿ ಆಡಿಸುವುದು, ಲೆಕ್ಕ ತಪ್ಪೀತೆಂಬ ಮನಸ್ಸಿನ ಒತ್ತಡ. ಅವನಿಗೆ ಪರಿಚಯದ ಒಬ್ಬ ನೋಟರಿ ಇದ್ದ. ಬರೆದು ಬರೆದು ಆತನ ಬಲಗೈ ಸೋತುಹೋಯಿತು. ಪಾಪ, ಎಡಗೈಯಲ್ಲಿ ಬರೆಯಲು ಕಲಿತ. ಕೆಲವೇ ದಿನಗಳಲ್ಲಿ ಎಡಗೈಯೂ ಅದೇ ದಾರಿ ಹಿಡಿಯಿತು. ನಮ್ಮ ಉರ್ದು ಪತ್ರಿಕೆಗಳಲ್ಲಿ ಕಂಪ್ಯೂಟರ್ ಬರುವ ತನಕ ಪುಟ ಪುಟವನ್ನೂ ಕೈಯಲ್ಲೇ ಬರೆಯುತ್ತಿದ್ದ ಕಾತಿಬರ ಬೆರಳುಗಳನ್ನು ಕಂಡವರಿಗೆ ಈ ನೋಟರಿ ಅಪರಿಚಿತನೇನಲ್ಲ.

ಟೆಲಿಗ್ರಾಫ್ ಬಂದಾಗ ಕೀಲಿ ಕುಟ್ಟುವವರ ಕೈ ಸೆಟೆಯತೊಡಗಿತು. ಬ್ರಿಟನ್ನಿನಲ್ಲಿ 1908ರಲ್ಲಿ ಇದನ್ನು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಆದರೆ 1911ರಲ್ಲಿ ವರದಿ ಕೊಟ್ಟ ಸರ್ಕಾರಿ ಸಮಿತಿ, ಮತ್ತೆ ಮತ್ತೆ ಆಗುವ ದಣಿವಿನ ಜೊತೆಗೆ ನೌಕರನ ನರದೌರ್ಬಲ್ಯವೂ ಇದಕ್ಕೆ ಕಾರಣವೆಂದಿತು. ದುಡಿಸಿಕೊಂಡ ಕೈ ಕೆಟ್ಟರೆ ತಪ್ಪು ಕೈಯದು ಎನ್ನುವ ಜಾಣತನಕ್ಕೂ ಹೀಗೆ ನೂರು ವರ್ಷದ ಮೇಲಾಯಿತು.

ಇನ್ನು ಮದ್ದಿನ ಮಾತು. ಒತ್ತುವುದು, ತಿಕ್ಕುವುದು, ನಾದುವುದು ಯಾವ ದೇಶದ ಸ್ವತ್ತೂ ಅಲ್ಲ. ಯುನಾನಿ ವೈದ್ಯದಲ್ಲಿ ಇದಕ್ಕೆ ‘ದಲ್ಕ್’ ಎನ್ನುತ್ತಾರೆ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತನ್ನ ‘ಅಲ್ ಕಾನೂನ್’ನಲ್ಲಿ ಗ್ರೀಕರ ತಿಳಿವಳಿಕೆಯನ್ನು ಮುಂದುವರಿಸಿ, ಗಡುಸಾದ ದಲ್ಕ್ ಮೈಯನ್ನು ಬಿಗಿಗೊಳಿಸುತ್ತದೆ, ಮೃದುವಾದದ್ದು ಸಡಿಲಿಸುತ್ತದೆ, ಅತಿಯಾದದ್ದು ಕೃಶಗೊಳಿಸುತ್ತದೆ, ಹದವಾದದ್ದು ಬೆಳೆಸುತ್ತದೆ ಎಂದು ವಿಂಗಡಿಸಿದ. ಹೆಚ್ಚು ಒತ್ತಿದಷ್ಟೂ ಹೆಚ್ಚು ಗುಣವೆಂದು ನಂಬಿದವರು ಈ ಮಾತನ್ನು ಗಮನಿಸಬೇಕು.

ಈ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಮನೆಮಾತಾಗಿಸಿದವನು 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮುಹಮ್ಮದ್. ಕಂಪನಿ ಸೈನ್ಯದಲ್ಲಿದ್ದ ಈತ ಐರ್ಲೆಂಡಿಗೆ ಹೋಗಿ 1794ರಲ್ಲಿ ತನ್ನ ಪ್ರವಾಸ ಕಥನ ಪ್ರಕಟಿಸಿದ. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದು ಕೈ ಸುಟ್ಟುಕೊಂಡ. ಕೊನೆಗೆ ಕಡಲತೀರದ ಬ್ರೈಟನ್ ಕೈ ಹಿಡಿಯಿತು. ಗಿಡಮೂಲಿಕೆಯ ಹಬೆಯಲ್ಲಿ ರೋಗಿಯನ್ನು ಬೆವರಿಸಿ, ಫ್ಲಾನಲ್ ಬಟ್ಟೆಯ ಗುಡಾರದೊಳಗೆ ಕೂರಿಸಿ, ಗುಡಾರಕ್ಕೆ ಹೊಲಿದ ತೋಳುಗಳ ಮೂಲಕ ಹೊರಗಿನಿಂದ ಕೈ ಹಾಕಿ ಒತ್ತುವುದು ಅವನ ಕ್ರಮ. ನಾಲ್ಕನೇ ಜಾರ್ಜ್ ಮತ್ತು ನಾಲ್ಕನೇ ವಿಲಿಯಂ ದೊರೆಗಳಿಗೆ ಅವನು ‘ಶಾಂಪೂಯಿಂಗ್ ಸರ್ಜನ್’ ಆದ. ನಮ್ಮ ‘ಚಾಂಪ್ನಾ’, ಅಂದರೆ ಒತ್ತುವುದು, ಇಂಗ್ಲಿಷಿಗೆ ಹೋಗಿ ‘ಶಾಂಪೂ’ ಆಗಿ, ಈಗ ತಲೆ ತೊಳೆಯುವ ಸೀಸೆಯಾಗಿ ನಮ್ಮ ಬಚ್ಚಲಿಗೇ ವಾಪಸಾಗಿದೆ.

ಕೈಯ ಕೆಲಸವನ್ನು ಯಂತ್ರಕ್ಕೆ ವಹಿಸುವ ಆಸೆ ಆಮೇಲಿನದು. ಲಂಡನ್ನಿನ ವೈದ್ಯ ಮಾರ್ಟಿಮರ್ ಗ್ರ್ಯಾನ್‌ವಿಲ್ ಬ್ಯಾಟರಿಯಿಂದ ನಡೆಯುವ ‘ಪರ್ಕ್ಯೂಟರ್’ ಎಂಬ ಸುತ್ತಿಗೆಯನ್ನು ಬಳಸಿ, ನರಗಳನ್ನು ಕಂಪಿಸುವ ಚಿಕಿತ್ಸೆಯ ಬಗ್ಗೆ 1883ರಲ್ಲಿ ಪುಸ್ತಕ ಬರೆದ. ಇಂದಿನ ಗನ್ನಿನ ಅಜ್ಜ ಎಂದರೆ ಅದೇ.

ಆದರೆ ಕಂಪನಕ್ಕೆ ಇನ್ನೊಂದು ಮುಖವೂ ಇದೆ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡ್‌ಗೆ ಹೋದರು. ಅಲ್ಲಿ ಸುಣ್ಣಕಲ್ಲು ಕೆತ್ತುವವರು ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆ ಹಿಡಿದು ದಿನವಿಡೀ ದುಡಿಯುತ್ತಿದ್ದರು. ಚಳಿಗೆ ಅವರ ಬೆರಳುಗಳು ಹೆಣದ ಬೆರಳಿನಂತೆ ಬಿಳಿಚಿ ಮರಗಟ್ಟುತ್ತಿದ್ದವು. ಉಳಿ ಹಿಡಿಯುವ ಎಡಗೈಗೆ ಹೆಚ್ಚು ಪೆಟ್ಟು. ಕಲ್ಲು ಕೆತ್ತುವವನ ಕೈಗೆ ಕಾಯಿಲೆ ತಂದ ಕಂಪನವೇ ಮಸಾಜಿನಲ್ಲಿ ಮದ್ದೂ ಆಗುತ್ತದೆ. ವ್ಯತ್ಯಾಸವಿರುವುದು ಅದರ ಬಲದಲ್ಲಿ, ಹೊತ್ತಿನಲ್ಲಿ, ಬೇಡವೆನಿಸಿದಾಗ ಸ್ವಿಚ್ ಆರಿಸುವ ಅಧಿಕಾರ ಯಾರದು ಎಂಬುದರಲ್ಲಿ.

ಬಳಸುವವರು ಒಂದು ವಿಷಯ ತಿಳಿದಿರಬೇಕು. ಬೆರಳುಗಳನ್ನು ಮಡಿಸುವ, ಬಿಡಿಸುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅವುಗಳ ರಜ್ಜುಗಳು ಮಾತ್ರ ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ಅಂಗೈ ಕಡೆಯ ಇಕ್ಕಟ್ಟಾದ ಸುರಂಗದಲ್ಲಿ ಒಂಬತ್ತು ರಜ್ಜುಗಳ ಜೊತೆ ಒಂದು ನರವೂ ನುಸುಳಿರುತ್ತದೆ. ಹಾಗಾಗಿ ನೋವು ಮಣಿಕಟ್ಟಿನಲ್ಲಿದ್ದರೂ ಗನ್ ಇಡಬೇಕಾದದ್ದು ಮೊಣಕೈಯಿಂದ ಸ್ವಲ್ಪ ಕೆಳಗಿನ ಮಾಂಸಲ ಭಾಗದ ಮೇಲೆ. ಕಡಿಮೆ ವೇಗ, ಹಗುರವಾದ ಒತ್ತು, ಒಂದೆರಡು ನಿಮಿಷ ಸಾಕು. ಮೂಳೆಯ ಮೇಲೆ, ಮಣಿಕಟ್ಟಿನ ಒಳಬದಿಯಲ್ಲಿ, ಹೊಸ ಊತದ ಮೇಲೆ ಇಡಕೂಡದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟದಿರುವುದು ಒಳ್ಳೆಯದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಅದು ನರದ ತೊಂದರೆ ಇರಬಹುದು. ಆಗ ಹೋಗಬೇಕಾದದ್ದು ಆಸ್ಪತ್ರೆಗೆ. ಯಂತ್ರ ಬಿಗಿದ ಸ್ನಾಯುವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ. ಮರುದಿನದ ಕೆಲಸವನ್ನು ಅದು ಕಡಿಮೆ ಮಾಡುವುದಿಲ್ಲ.

ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರ ವಿಷಯಕ್ಕೆ ಬಂದರೆ ರಾಮಜ್ಜಿನಿಯ ಮೂರು ಕಾರಣಗಳೂ ಒಂದೇ ಜಗಲಿಯಲ್ಲಿ ಕೂತಿರುವುದು ಕಾಣುತ್ತದೆ. ಎಲೆ ಕತ್ತರಿಸಬೇಕು, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಬೇಕು, ನೂಲು ಕಟ್ಟಬೇಕು, ತುದಿ ಮಡಚಬೇಕು. ಒಂದು ಬೀಡಿಗೆ ಬೆರಳುಗಳು ಎಷ್ಟು ಸಲ ಬಾಗುತ್ತವೆಂದು ಎಣಿಸಿ, ಅದನ್ನು ಸಾವಿರದಿಂದ ಗುಣಿಸಿ ನೋಡಬೇಕು. 1966ರಲ್ಲಿ ಬಂದ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲೇ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಅದು ಸಣ್ಣ ಗೆಲುವೇನಲ್ಲ. ಆದರೆ ಮಜೂರಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದೇ ಉಳಿಯಿತು. ‘ಕೈಗೆ ಸ್ವಲ್ಪ ದಿನ ಬಿಡುವು ಕೊಡಿ ಅಮ್ಮಾ’ ಎಂದು ವೈದ್ಯರು ಹೇಳಿದರೆ, ಆ ಬಿಡುವಿನ ದುಡ್ಡು ಆಕೆಯ ಮಜೂರಿಯಿಂದಲೇ ಹೋಗುತ್ತದೆ. ಮುಂಗೈ ಸೆಳೆತಕ್ಕೆ ಆಕೆಯ ಮಸಾಜ್ ಗನ್ ಎಂದರೆ ರಾತ್ರಿ ಊಟದ ಮೇಲೆ ಮಗಳು ಬಿಸಿ ತೆಂಗಿನೆಣ್ಣೆ ಹಚ್ಚಿ ತಿಕ್ಕುವ ಐದು ನಿಮಿಷ. ನಾಳೆಯ ಎಲೆ ಅಷ್ಟರಲ್ಲಿ ನೀರಿನಲ್ಲಿ ನೆನೆಯುತ್ತಿರುತ್ತದೆ.